‘ಸಹಜ ಪ್ರತಿಭೆ’ ಎಂಬ ಹೊಗಳಿಕೆ: ಅಮೆರಿಕದ ಕಪ್ಪುಜನರ ರಂಗಚರಿತ್ರೆಯ ಕೆಲವು ಪಾಠಗಳು

1

ದಲಿತ ಬರವಣಿಗೆಯ ಬಗ್ಗೆ ನಮ್ಮ ವಿಮರ್ಶಕರು ಒಳ್ಳೆಯ ಮಾತಾಡುವಾಗ ಬಳಸುವ ಪದಗಳನ್ನು ಒಮ್ಮೆ ಪಟ್ಟಿ ಮಾಡಿ ನೋಡಬೇಕು. ಹಸಿ ಅನುಭವ, ಮುಗ್ಧತೆ, ಮಣ್ಣಿನ ವಾಸನೆ, ಕರುಳಿನ ಕೂಗು, ಸಹಜ ಲಯ. ಇವೆಲ್ಲ ಹೊಗಳಿಕೆಯ ಮಾತುಗಳೇ. ಆದರೆ ಕಸುಬು, ಕಟ್ಟಾಣಿಕೆ, ಓದು, ಆಯ್ಕೆ, ಬರೆದು ಹರಿದು ಮತ್ತೆ ಬರೆದದ್ದು ಎಂಬಂಥ ಮಾತುಗಳು ಈ ಪಟ್ಟಿಯಲ್ಲಿ ಸಿಗುವುದು ಅಪರೂಪ. ಅವು ಬೇರೆಯವರಿಗೆ ಮೀಸಲು. ದಲಿತರು ಅನುಭವಿಸುತ್ತಾರೆ, ಉಳಿದವರು ಬರೆಯುತ್ತಾರೆ ಎಂಬಂತಿದೆ ಈ ಹಂಚಿಕೆ. ಇದರ ಹಿಂದಿನ ರಾಜಕಾರಣ ಏನು ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಅಮೆರಿಕದ ಕಪ್ಪುಜನರ ಹಾಡು, ಕುಣಿತ, ನಾಟಕಗಳ ಚರಿತ್ರೆಯನ್ನು ಓದುವುದು ಈ ಲೇಖನದ ಉದ್ದೇಶ.

ಹೀಗೆ ಆ ಕಡೆ ನೋಡುವುದು ಹೊಸ ಚಾಳಿಯೇನಲ್ಲ. ಬಾಬಾಸಾಹೇಬ ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ನ್ಯೂಯಾರ್ಕಿನಲ್ಲಿ, ಹಾರ್ಲೆಮ್‌ನ ಮಗ್ಗುಲಲ್ಲೇ. 1946ರಲ್ಲಿ ಅವರು ಕಪ್ಪುಜನರ ದೊಡ್ಡ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಪತ್ರ ಬರೆದು, ಅಲ್ಲಿನ ನೀಗ್ರೋ ಸಂಘಟನೆಯೊಂದು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್‌ನ ಹೆಸರೇ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಬಂದದ್ದು. ಜಾತಿಯೂ ಜನಾಂಗಭೇದವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಮನುಷ್ಯನನ್ನು ಹರಾಜಿನಲ್ಲಿ ಮಾರಿದರು. ಇಲ್ಲಿ ಮುಟ್ಟದೆ ದೂರ ಇಟ್ಟರು. ಆದರೂ ಒಂದು ಮಾತು ನಿಜ. ನಾವು ಅಲ್ಲಿಂದ ತಂದುಕೊಂಡದ್ದು ಹೆಚ್ಚಾಗಿ ಘೋಷಣೆ, ಕವಿತೆ, ಆತ್ಮಕಥೆ. ವೇದಿಕೆಯ ಚರಿತ್ರೆಯ ಕಡೆ ನಮ್ಮ ಗಮನ ಅಷ್ಟಾಗಿ ಹೋಗಿಲ್ಲ. ವೇದಿಕೆಯಲ್ಲಾದರೋ ಕಲಾವಿದನ ಮೈಯೇ ಎದುರಿಗಿರುತ್ತದೆ. ಆ ಮೈಯನ್ನು ಯಾರು ನೋಡುತ್ತಾರೆ, ಎಲ್ಲಿ ಕೂತು ನೋಡುತ್ತಾರೆ, ಟಿಕೇಟಿನ ದುಡ್ಡು ಯಾರ ಕಿಸೆಗೆ ಹೋಗುತ್ತದೆ ಎಂಬುದನ್ನು ಅಲ್ಲಿ ಮುಚ್ಚಿಡುವುದು ಕಷ್ಟ.

2

ಕಪ್ಪುಜನ ಹುಟ್ಟಿನಿಂದಲೇ ಕುಣಿಯುವವರು, ತಾಳ ಅವರ ರಕ್ತದಲ್ಲೇ ಇದೆ ಎಂಬುದು ಅಮೆರಿಕದಲ್ಲಿ ಇನ್ನೂರು ವರ್ಷ ಚಲಾವಣೆಯಲ್ಲಿದ್ದ ಮಾತು. ಈ ‘ರಕ್ತ’ದ ಕಥೆಯನ್ನು ಗುಲಾಮರ ಹಡಗಿನಿಂದಲೇ ಶುರುಮಾಡಬೇಕು. ಹಡಗಿನ ತಳದಲ್ಲಿ ಸಂಕೋಲೆ ಹಾಕಿ ವಾರಗಟ್ಟಲೆ ಮಲಗಿಸಿದವರು ಸತ್ತರೆ ವ್ಯಾಪಾರಿಗೆ ನಷ್ಟ. ಹಾಗಾಗಿ ಅವರನ್ನು ಮೇಲಕ್ಕೆ ತಂದು, ಕೈಕಾಲು ಆಡಲಿ ಎಂದು, ಚಾವಟಿ ಹಿಡಿದು ಕುಣಿಸುತ್ತಿದ್ದರು. ಕುಣಿಯದವರಿಗೆ ಏಟು. ಗುಲಾಮರ ಹಡಗುಗಳಲ್ಲಿ ವೈದ್ಯನಾಗಿದ್ದ ಅಲೆಗ್ಸಾಂಡರ್ ಫಾಲ್ಕನ್‌ಬ್ರಿಜ್ 1788ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ದಡ ಸೇರಿದ ಮೇಲೂ ಇದು ನಿಲ್ಲಲಿಲ್ಲ. 1841ರಲ್ಲಿ ಅಪಹರಣಕ್ಕೆ ಒಳಗಾಗಿ ಹನ್ನೆರಡು ವರ್ಷ ಗುಲಾಮನಾಗಿದ್ದ ಸಾಲೊಮನ್ ನಾರ್ಥಪ್ ಪಿಟೀಲು ನುಡಿಸಬಲ್ಲವನು. ನ್ಯೂ ಆರ್ಲಿಯನ್ಸ್‌ನ ಗುಲಾಮರ ದೊಡ್ಡಿಯಲ್ಲಿ ಮಾರಾಟಕ್ಕೆ ನಿಂತವರು ಗಿರಾಕಿಗಳ ಕಣ್ಣಿಗೆ ಚುರುಕಾಗಿ ಕಾಣಲಿ ಎಂದು ಕುಣಿಸುತ್ತಿದ್ದುದನ್ನೂ, ಆ ಕುಣಿತಕ್ಕೆ ಪಿಟೀಲು ಹಿಡಿಯಬೇಕಾದದ್ದನ್ನೂ ಅವನು ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಅಂದರೆ ಬಿಳಿಯನ ಕಣ್ಣೆದುರಿನ ಕಪ್ಪು ಕುಣಿತದ ಮೊದಲ ರಂಗಸ್ಥಳ ಹಡಗು, ಎರಡನೆಯದು ಸಂತೆ.

ಇದರ ಇನ್ನೊಂದು ಮಗ್ಗುಲೂ ಇದೆ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ನಗಾರಿ ಬಾರಿಸುತ್ತ, ಬಾವುಟ ಹಿಡಿದು, ಇನ್ನಷ್ಟು ಜನರನ್ನು ಕೂಡಿಸಿಕೊಳ್ಳುತ್ತ ನಡೆದರು. ದಂಗೆಯನ್ನು ಬಗ್ಗುಬಡಿದ ಬಿಳಿಯರು ಮಾರನೆಯ ವರ್ಷವೇ, ಅಂದರೆ 1740ರಲ್ಲಿ, ಒಂದು ಕಾಯಿದೆ ತಂದರು. ಗುಲಾಮರು ಬರೆಯುವುದನ್ನು ಕಲಿಯದಂತೆ ತಡೆದ ಅದೇ ಕಾಯಿದೆ ಅವರು ನಗಾರಿ, ಕಹಳೆಗಳನ್ನು ಇಟ್ಟುಕೊಳ್ಳದಂತೆಯೂ ತಡೆಯಿತು. ಅಕ್ಷರವನ್ನೂ ನಗಾರಿಯನ್ನೂ ಒಂದೇ ಕಾಯಿದೆಯಲ್ಲಿ ನಿಷೇಧಿಸಿದವರಿಗೆ ನಗಾರಿ ಎಂದರೆ ಏನು ಎಂಬುದು ಚೆನ್ನಾಗಿ ಗೊತ್ತಿತ್ತು. ಅದು ಸುದ್ದಿ ಮುಟ್ಟಿಸುವ ಭಾಷೆ. ರಕ್ತದಲ್ಲಿರುವ ತಾಳಕ್ಕೆ ಯಾರೂ ಕಾಯಿದೆ ಮಾಡುವುದಿಲ್ಲ.

ನಗಾರಿ ಹೋದ ಮೇಲೆ ಜನ ಮೈಯನ್ನೇ ನಗಾರಿ ಮಾಡಿಕೊಂಡರು. ತೊಡೆ, ಎದೆ, ಅಂಗೈಗಳನ್ನು ಬಡಿದು ಹಲವು ತಾಳಗಳನ್ನು ಒಟ್ಟಿಗೆ ಹೊರಡಿಸುವ ‘ಜೂಬಾ’ ಎಂಬ ಪಟ್ಟು ತೋಟಗಳಲ್ಲಿ ಬೆಳೆಯಿತು. ಚರ್ಚಿನ ಹಿರಿಯರು ಕುಣಿತವನ್ನು ಪಾಪ ಎಂದಾಗ, ಭಕ್ತರು ಪ್ರಾರ್ಥನೆಯಲ್ಲಿ ವೃತ್ತಾಕಾರವಾಗಿ ಕಾಲೆಳೆಯುತ್ತ ಸುತ್ತುವ ‘ರಿಂಗ್ ಶೌಟ್’ ಬೆಳೆಸಿದರು. ಒಂದು ಕಾಲು ಇನ್ನೊಂದನ್ನು ದಾಟಿದರೆ ಕುಣಿತ, ದಾಟದಿದ್ದರೆ ಪೂಜೆ ಎಂಬುದು ಅವರ ನಿಯಮ. ಎಷ್ಟು ಲೆಕ್ಕಾಚಾರ ನೋಡಿ! ಒಂದು ಕಡೆ ಆಫ್ರಿಕಾದ ವೃತ್ತವನ್ನು ಉಳಿಸಿಕೊಳ್ಳಬೇಕು, ಇನ್ನೊಂದು ಕಡೆ ಚರ್ಚಿನ ಕಟ್ಟಳೆಗೂ ಸಿಕ್ಕಿಬೀಳಬಾರದು. ಕಾಲಿನಿಂದಲೇ ತಾಳ ಹೊರಡಿಸುವ ಟ್ಯಾಪ್ ಕುಣಿತದ ಬೇರುಗಳಲ್ಲಿ ಈ ಪಟ್ಟುಗಳೂ ಸೇರಿವೆ. ಐರ್ಲೆಂಡಿನಿಂದ ಬಂದ ಬಡ ವಲಸಿಗರ ಜಿಗ್ ಕುಣಿತವೂ ಸೇರಿದೆ. ಇದರಲ್ಲಿ ‘ಸಹಜ’ ಎನ್ನುವುದು ಯಾವುದು? ನಿಷೇಧವಿದೆ, ಉಪಾಯವಿದೆ, ಅಭ್ಯಾಸವಿದೆ, ಒಬ್ಬರಿಂದ ಒಬ್ಬರಿಗೆ ದಾಟಿದ ಪಾಠವಿದೆ.

3

ಬಿಳಿಯ ಅಮೆರಿಕ ಕಪ್ಪು ಕಲೆಯನ್ನು ವೇದಿಕೆಗೆ ತಂದ ಬಗೆ ಇನ್ನೂ ವಿಚಿತ್ರ. 1821ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಳ್ಳುವುದಕ್ಕೆ ಆರು ವರ್ಷ ಮೊದಲೇ, ವಿಲಿಯಂ ಅಲೆಗ್ಸಾಂಡರ್ ಬ್ರೌನ್ ಎಂಬ ಕಪ್ಪು ಮನುಷ್ಯ ಆ ನಗರದಲ್ಲಿ ಒಂದು ನಾಟಕಶಾಲೆ ತೆರೆದ. ಅದು ಆಫ್ರಿಕನ್ ಗ್ರೋವ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬ್ರೌನ್ ಮೊದಲು ಹಡಗಿನಲ್ಲಿ ಪರಿಚಾರಕನಾಗಿದ್ದವನು. ಇವನ ತಂಡ ಆಡಿದ ಮೊದಲ ನಾಟಕಗಳಲ್ಲಿ ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ಇತ್ತು. ಗಲಾಟೆ ಮಾಡಲೆಂದೇ ಬರುತ್ತಿದ್ದ ಬಿಳಿಯರಿಗೆ ಸಭ್ಯತೆ ಗೊತ್ತಿಲ್ಲವೆಂದು ಅವರಿಗಾಗಿ ಹಿಂದುಗಡೆ ಅಡ್ಡತಡಿಕೆ ಹಾಕಿ ಬೇರೆ ಜಾಗ ಮಾಡಿದ್ದನಂತೆ ಬ್ರೌನ್! ಅಮೆರಿಕದ ರಂಗಚರಿತ್ರೆಯಲ್ಲಿ ಇಂಥ ಇನ್ನೊಂದು ತಡಿಕೆ ಹುಡುಕಿದರೂ ಸಿಗಲಾರದು. ಆದರೆ 1822ರಲ್ಲಿ ಪೊಲೀಸರು ನುಗ್ಗಿ ನಟರನ್ನು ಹಿಡಿದೊಯ್ದರು. ಮುಂದೆ ಷೇಕ್ಸ್‌ಪಿಯರ್ ಆಡುವುದಿಲ್ಲ ಎಂದು ಮಾತು ತೆಗೆದುಕೊಂಡು ಬಿಟ್ಟರೆಂದು ಆ ಕಾಲದ ಪತ್ರಿಕೆ ಗೇಲಿಯಾಗಿ ವರದಿ ಮಾಡಿತು. ತಂಡ ಬಹಳ ದಿನ ಬಾಳಲಿಲ್ಲ. ಆ ಪರಿಸರದಲ್ಲಿ ಬೆಳೆದ ಐರಾ ಆಲ್ಡ್ರಿಜ್ ಎಂಬ ಹುಡುಗ ಇಂಗ್ಲೆಂಡಿಗೆ ಹೊರಟುಹೋದ. 1833ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ ಒಥೆಲೊ ಆದ. ಯುರೋಪಿನಾದ್ಯಂತ ಹೆಸರು ಗಳಿಸಿ 1867ರಲ್ಲಿ ಪೋಲೆಂಡಿನಲ್ಲಿ ತೀರಿಕೊಂಡ. ಸ್ವದೇಶದ ದೊಡ್ಡ ವೇದಿಕೆ ಅವನಿಗೆ ಸಿಗಲೇ ಇಲ್ಲ.

ಷೇಕ್ಸ್‌ಪಿಯರ್ ಆಡಿದ ಕಪ್ಪು ನಟರಿಗೆ ಪೊಲೀಸ್ ಠಾಣೆ. ಮುಖಕ್ಕೆ ಸುಟ್ಟ ಬಿರಡೆಯ ಮಸಿ ಬಳಿದುಕೊಂಡ ಬಿಳಿಯ ನಟರಿಗೆ ಚಪ್ಪಾಳೆ. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ‘ಜಿಮ್ ಕ್ರೋ’ ಎಂಬ ಕಪ್ಪು ಪಾತ್ರ ಹಾಕಿ ಕುಂಟುತ್ತ ಕುಣಿದು ದುಡ್ಡು ಬಾಚಿದ. 1843ರಲ್ಲಿ ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಎಂಬ ನಾಲ್ವರ ತಂಡ ನ್ಯೂಯಾರ್ಕಿನಲ್ಲಿ ಇಡೀ ಸಂಜೆಯ ಆಟವನ್ನೇ ಇದರಿಂದ ಕಟ್ಟಿತು. ಸೋಮಾರಿ, ಕಳ್ಳ, ಹಲ್ಲುಕಿಸಿಯುವವ, ಸದಾ ಕುಣಿಯುವವ: ಹೀಗೆ ಒಂದು ‘ಕಪ್ಪು ಮನುಷ್ಯ’ ತಯಾರಾದ. ಮಿನ್‌ಸ್ಟ್ರೆಲ್ ಆಟ ಆ ಶತಮಾನದ ಅಮೆರಿಕದ ಅತ್ಯಂತ ಜನಪ್ರಿಯ ಮನರಂಜನೆಗಳಲ್ಲಿ ಒಂದಾಯಿತು. ಮುಂದೆ ದಕ್ಷಿಣದ ರಾಜ್ಯಗಳು ಕಪ್ಪುಜನರನ್ನು ರೈಲು, ಶಾಲೆ, ಹೋಟೆಲುಗಳಲ್ಲಿ ಬೇರೆ ಕೂರಿಸುವ ಕಾಯಿದೆಗಳನ್ನು ತಂದಾಗ ಅವಕ್ಕೆ ಜನರ ಬಾಯಲ್ಲಿ ಬಿದ್ದ ಹೆಸರು ಜಿಮ್ ಕ್ರೋ ಕಾಯಿದೆ ಎಂದೇ. ಒಂದು ಹಾಸ್ಯಪಾತ್ರದ ಹೆಸರು ಒಂದು ದೇಶದ ಅಸ್ಪೃಶ್ಯತೆಯ ಹೆಸರಾಯಿತು. ಹಾಸ್ಯವನ್ನು ಬರೀ ಹಾಸ್ಯ ಎಂದು ಬಿಟ್ಟುಬಿಡಿ ಎನ್ನುವವರು ಇದನ್ನು ನೆನಪಿಡಬೇಕು.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ ಕಪ್ಪು ಕಲಾವಿದರು ದೊಡ್ಡ ಸಂಖ್ಯೆಯಲ್ಲಿ ವೇದಿಕೆಗೆ ಬಂದರು. ಆಗ ಬಿಳಿಯ ಪ್ರೇಕ್ಷಕನಿಗೆ ಬೇಕಿದ್ದದ್ದು ಮಸಿಯ ಮುಖವೇ. ಕಪ್ಪು ನಟರೂ ತಮ್ಮ ಕಪ್ಪು ಮುಖಕ್ಕೆ ಮಸಿ ಬಳಿದುಕೊಂಡರು. 1890ರ ದಶಕದಲ್ಲಿ ಬರ್ಟ್ ವಿಲಿಯಮ್ಸ್ ಮತ್ತು ಜಾರ್ಜ್ ವಾಕರ್ ಎಂಬ ಜೋಡಿ ತಮ್ಮನ್ನು ‘ಅಸಲಿ ಕೂನ್‌ಗಳು’ ಎಂದು ಜಾಹೀರು ಮಾಡಿಕೊಂಡಿತು. ಕೂನ್ ಎಂಬುದು ಕಪ್ಪುಜನರನ್ನು ಹೀಗಳೆಯುವ ಬೈಗುಳ. ನಕಲಿಗಳು ಮಾರುಕಟ್ಟೆ ಹಿಡಿದಿದ್ದರಿಂದ ಅಸಲಿಗಳು ಬೈಗುಳವನ್ನೇ ಫಲಕ ಮಾಡಿ ನೇತುಹಾಕಬೇಕಾಯಿತು. ಇದೇ ಜೋಡಿ 1903ರಲ್ಲಿ ‘ಇನ್ ಡಹೋಮಿ’ ಎಂಬ, ಕಪ್ಪುಜನರೇ ಬರೆದು, ಸಂಗೀತ ಕೊಟ್ಟು, ಅಭಿನಯಿಸಿದ ಪೂರ್ಣಪ್ರಮಾಣದ ಸಂಗೀತ ನಾಟಕವನ್ನು ಬ್ರಾಡ್‌ವೇಗೆ ತಂದಿತು. ಸಂಗೀತ ವಿಲ್ ಮರಿಯನ್ ಕುಕ್‌ನದು, ಹಾಡುಗಳು ಬಹುಮಟ್ಟಿಗೆ ಕವಿ ಪಾಲ್ ಲಾರೆನ್ಸ್ ಡನ್‌ಬಾರ್‌ನವು. ನಾಟಕ ಲಂಡನ್ನಿಗೂ ಹೋಯಿತು. ಮಸಿ ಬಳಿದದ್ದಕ್ಕೆ ವಿಲಿಯಮ್ಸ್‌ನನ್ನು ಇಂದು ನಾವು ಸುಲಭವಾಗಿ ದೂರಬಹುದು. ಆದರೆ ಆ ಮಸಿಯ ಮರೆಯಲ್ಲೇ ನಾಟಕದ ಬರವಣಿಗೆ, ವಾದ್ಯಮೇಳ, ವೇಷ, ತಾಲೀಮು ಇಷ್ಟನ್ನೂ ಕಪ್ಪುಜನ ಕೈವಶ ಮಾಡಿಕೊಂಡರು ಎಂಬುದನ್ನು ಕಾಣದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

4

ತಮ್ಮದನ್ನು ಪರರೆದುರು ಹಾಡುವುದೇ ಬೇಡ ಎಂಬ ನಿಲುವೂ ಈ ಚರಿತ್ರೆಯಲ್ಲಿದೆ. 1866ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ, ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ ಫಿಸ್ಕ್ ವಿದ್ಯಾಸಂಸ್ಥೆ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಮುಚ್ಚುವ ಸ್ಥಿತಿಗೆ ಬಂತು. ಹಣ ಕೂಡಿಸಲು 1871ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳ ಒಂದು ಚಿಕ್ಕ ಗಾಯನತಂಡ ಊರೂರಿಗೆ ಹೊರಟಿತು. ಇವರೇ ಮುಂದೆ ಫಿಸ್ಕ್ ಜ್ಯೂಬಿಲಿ ಸಿಂಗರ್ಸ್ ಎಂದು ಹೆಸರಾದವರು. ಹೆಚ್ಚಿನವರು ಸ್ವತಃ ಗುಲಾಮಗಿರಿಯಲ್ಲಿ ಹುಟ್ಟಿದವರು. ‘ಸ್ಪಿರಿಚುಯಲ್ಸ್’ ಎಂದು ಕರೆಯುವ ಗುಲಾಮರ ಭಕ್ತಿಗೀತೆಗಳನ್ನು ಸಾರ್ವಜನಿಕವಾಗಿ ಹಾಡಲು ಅವರಿಗೆ ಮೊದಲು ಮನಸ್ಸೇ ಇರಲಿಲ್ಲ. ಆ ಹಾಡುಗಳು ಗುಲಾಮಗಿರಿಯ ಕತ್ತಲೆಗೆ ಸೇರಿದವು, ಜೊತೆಗೆ ತಂದೆತಾಯಂದಿರು ಪೂಜೆಯಲ್ಲಿ ಹಾಡಿದ ಪವಿತ್ರ ಹಾಡುಗಳು ಎಂಬ ಎರಡು ಭಾವನೆಗಳು ಒಟ್ಟಿಗೇ ತಮ್ಮನ್ನು ತಡೆಯುತ್ತಿದ್ದವೆಂದು ತಂಡದ ಪಿಯಾನೊ ವಾದಕಿ ಎಲಾ ಶೆಪರ್ಡ್ ಮುಂದೆ ಬರೆದಿದ್ದಾರೆ. ನಾಚಿಕೆ ಮತ್ತು ಗೌರವ ಒಂದೇ ಗಂಟಲಲ್ಲಿ. ನಮ್ಮ ಕೇರಿಗಳಲ್ಲಿ ಹಲಗೆ ಕೈಗೆತ್ತಿಕೊಳ್ಳುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಗೆ ಹಾಡಿದರು. ಹೋಟೆಲುಗಳು ಜಾಗ ಕೊಡದಿದ್ದಾಗಲೂ ಹಾಡಿದರು. 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಎದುರು ಹಾಡಿದರು. ಆ ಹಣದಲ್ಲಿ ಎದ್ದ ಜ್ಯೂಬಿಲಿ ಹಾಲ್ ಎಂಬ ಕಟ್ಟಡ 1876ರಲ್ಲಿ ಉದ್ಘಾಟನೆಯಾಗಿ ಫಿಸ್ಕ್‌ನ ಹೆಗ್ಗುರುತಾಯಿತು. ಗುಲಾಮರ ಹಾಡು ಕಟ್ಟಿದ ಕಾಲೇಜು ಅದು.

ಇಲ್ಲಿ ಒಂದು ತಕರಾರನ್ನೂ ಗಮನಿಸಬೇಕು. 1934ರಲ್ಲಿ ಝೋರಾ ನೀಲ್ ಹರ್ಸ್ಟನ್ ಎಂಬ ಕಪ್ಪು ಲೇಖಕಿ, ಜಾನಪದ ವಿದ್ವಾಂಸೆ, ಸಭಾಭವನಗಳಲ್ಲಿ ಕೇಳುವುದು ನಿಜವಾದ ಸ್ಪಿರಿಚುಯಲ್ಸ್ ಅಲ್ಲವೇ ಅಲ್ಲ ಎಂದು ವಾದಿಸಿದರು. ಅವರ ಪ್ರಕಾರ ಹಳ್ಳಿಯ ಚರ್ಚಿನಲ್ಲಿ ಒಂದು ಹಾಡು ಎರಡು ಸಲ ಒಂದೇ ಥರ ಇರುವುದಿಲ್ಲ. ದನಿಗಳು ಒಂದರೊಳಗೊಂದು ಒರಟಾಗಿ ತಾಗಬೇಕು, ಉಸಿರೂ ಕೇಳಿಸಬೇಕು. ಯುರೋಪಿನ ಸ್ವರಮೇಳದ ಅಚ್ಚಿನಲ್ಲಿ ನಯಮಾಡಿದರೆ ಅದು ಬೇರೆಯೇ ವಸ್ತು. ಮೇಲುನೋಟಕ್ಕೆ ಹರ್ಸ್ಟನ್ ಕೂಡ ‘ಸಹಜ’ದ ಪರ ಇದ್ದಂತೆ ಕಾಣುತ್ತದೆ. ಹಾಗಲ್ಲ. ಒರಟು ಎಂದು ಬಿಳಿಯರು ತಳ್ಳಿಹಾಕಿದ್ದರಲ್ಲೇ ನಿಯಮವಿದೆ, ಕಲಿತ ಕಿವಿಗೆ ಮಾತ್ರ ಸಿಗುವ ಶಿಸ್ತಿದೆ ಎಂಬುದು ಅವರ ವಾದದ ತಿರುಳು. ಕಸುಬು ಎಂದರೆ ಸ್ವರಲಿಪಿ ಓದುವುದು ಎಂದಷ್ಟೇ ತಿಳಿದರೆ ನಾವೂ ಯಜಮಾನರ ಅಳತೆಗೋಲನ್ನೇ ಹಿಡಿದಂತಾಗುತ್ತದೆ.

5

ಈಗ 1921ಕ್ಕೆ ಬರೋಣ. ನ್ಯೂಯಾರ್ಕಿನ 63ನೇ ಬೀದಿಯ ಒಂದು ಹಳೆಯ ಸಭಾಂಗಣದಲ್ಲಿ ‘ಶಫಲ್ ಅಲಾಂಗ್’ ಎಂಬ ಸಂಗೀತ ನಾಟಕ ತೆರೆ ಕಂಡಿತು. ಸಂಗೀತ ಯೂಬಿ ಬ್ಲೇಕ್, ಹಾಡುಗಳು ನೋಬಲ್ ಸಿಸಲ್, ಕಥೆ ಫ್ಲೋರ್ನೊಯ್ ಮಿಲರ್ ಮತ್ತು ಆಬ್ರಿ ಲೈಲ್ಸ್, ನಾಲ್ವರೂ ಕಪ್ಪುಜನ. ಸಾಲ ಮಾಡಿ, ಬೇರೊಂದು ನಾಟಕದ ಹಳೇ ವೇಷಗಳನ್ನು ತೊಟ್ಟು ಬಂದ ಈ ತಂಡ ಐನೂರರ ಆಸುಪಾಸು ಪ್ರದರ್ಶನ ಕಂಡಿತು. ಕಪ್ಪು ಪ್ರೇಕ್ಷಕರಿಗೆ ಮೇಲಿನ ಗ್ಯಾಲರಿ ಮಾತ್ರ ಎಂಬ ಕಟ್ಟಳೆ ಇಲ್ಲಿ ಸಡಿಲವಾಯಿತು. ಕೆಳಗಿನ ಸಾಲುಗಳಲ್ಲೂ ಕೂತರು. ನಾಟಕದಲ್ಲಿ ಕಪ್ಪು ಗಂಡುಹೆಣ್ಣಿನ ಗಂಭೀರ ಪ್ರೇಮಗೀತೆ ಒಂದಿತ್ತು. ಕಪ್ಪುಜನ ಪ್ರೀತಿಸುವುದನ್ನು ನಗೆಯಿಲ್ಲದೆ ತೋರಿಸಿದರೆ ಬಿಳಿಯ ಪ್ರೇಕ್ಷಕರು ಕೆರಳಿಯಾರು ಎಂದು ಮೊದಲ ರಾತ್ರಿ ತಂಡದವರಿಗೆ ಜೀವ ಕೈಯಲ್ಲಿತ್ತು. ಚಪ್ಪಾಳೆ ಬಿತ್ತು.

ನನ್ನ ವಾದಕ್ಕೆ ಮುಖ್ಯವಾದದ್ದು ಬೇರೆ ಒಂದು ಸಂಗತಿ. ಈ ನಾಟಕದ ವಾದ್ಯಮೇಳದವರು ಇಡೀ ಸಂಗೀತವನ್ನು ಬಾಯಿಪಾಠ ಮಾಡಿ, ಎದುರಿಗೆ ಸ್ವರಲಿಪಿಯ ಹಾಳೆ ಇಲ್ಲದೆ ನುಡಿಸಿದರು. ಓದಲು ಬಾರದೆ ಅಲ್ಲ, ಚೆನ್ನಾಗಿ ಬರುತ್ತಿತ್ತು. ಕಪ್ಪುಜನ ಸ್ವರಲಿಪಿ ಓದುತ್ತಾರೆಂದರೆ ಬಿಳಿಯರು ನಂಬುತ್ತಿರಲಿಲ್ಲ, ಇವರದು ಸಹಜ ಪ್ರತಿಭೆ ಎಂದು ತಿಳಿಯುವುದೇ ಅವರಿಗೆ ಇಷ್ಟವಾಗಿತ್ತು ಎಂದು ಬ್ಲೇಕ್ ಮುಂದೆ ನೆನಪಿಸಿಕೊಂಡಿದ್ದಾರೆ. ಗುಲಾಮರಾಗಿದ್ದ ತಂದೆತಾಯಿಯ ಮಗ ಬ್ಲೇಕ್. ಅವರು ಹೇಳಿದ್ದು ಎಂಥ ಭಯಂಕರ ಮಾತು! ಕಲಿತವರು ಕಲಿಯದವರಂತೆ ನಟಿಸಲು ಇಮ್ಮಡಿ ಕಲಿಯಬೇಕಾಯಿತು. ಮಿನ್‌ಸ್ಟ್ರೆಲ್‌ನವರ ಮಸಿ ಮುಖದ ಮೇಲಿತ್ತು. ಈ ಮಸಿ ಕಣ್ಣಿಗೆ ಕಾಣುವುದಿಲ್ಲ. ‘ಸಹಜ ಪ್ರತಿಭೆ’ ಎಂಬ ಹೊಗಳಿಕೆ ಮಾಡುವ ಕೆಲಸವೇ ಇದು. ಅದು ಕಲಾವಿದನಿಂದ ಅವನ ಶ್ರಮವನ್ನು ಕಳಚಿಹಾಕುತ್ತದೆ. ಶ್ರಮ ಇಲ್ಲದ ಮೇಲೆ ಕೂಲಿ ಯಾಕೆ? ಹಕ್ಕು ಯಾಕೆ? ಹೆಸರಾದರೂ ಯಾಕೆ? ಮರದಲ್ಲಿ ಹಣ್ಣು ತಾನಾಗಿ ಬಿಟ್ಟಿದೆ, ಕೈ ಹಾಕಿ ಕಿತ್ತುಕೊಂಡರಾಯಿತು.

6

ಕಿತ್ತುಕೊಂಡದ್ದು ಹೀಗೆ. ಜಾಜ್ ಎಂಬ ಹೆಸರಿನಲ್ಲಿ 1917ರಲ್ಲಿ ಹೊರಬಂದ ಮೊದಲ ಧ್ವನಿಮುದ್ರಿಕೆ ಬಿಳಿಯರ ತಂಡದ್ದು. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಬ್ಲೂಸ್ ಮುದ್ರಿಕೆ ಭರ್ಜರಿಯಾಗಿ ಖರ್ಚಾದ ಮೇಲೆ ಕಂಪನಿಗಳು ಕಪ್ಪು ಗಿರಾಕಿಗಳಿಗಾಗಿ ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಸಾಲು ತೆರೆದವು; ಹಾಡಿಗೂ ಬೇರೆ ಕೇರಿ. ಆ ದಶಕದ ಬ್ಲೂಸ್ ಸಾಮ್ರಾಜ್ಞಿ ಎನಿಸಿಕೊಂಡ ಬೆಸ್ಸಿ ಸ್ಮಿತ್‌ಗೆ ಕೊಲಂಬಿಯಾ ಕಂಪನಿ ಕೊಟ್ಟದ್ದು ಮುದ್ರಿಕೆಗೆ ಇಂತಿಷ್ಟು ಎಂಬ ಗುತ್ತಿಗೆ ದುಡ್ಡು. ರಾಯಲ್ಟಿ ಇಲ್ಲ. 1937ರಲ್ಲಿ ಅಪಘಾತದಲ್ಲಿ ತೀರಿಕೊಂಡ ಅವರ ಸಮಾಧಿಗೆ 1970ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ಹಾರ್ಲೆಮ್‌ನಲ್ಲೇ ಇದ್ದ ಕಾಟನ್ ಕ್ಲಬ್‌ನಲ್ಲಿ 1927ರಿಂದ ಡ್ಯೂಕ್ ಎಲಿಂಗ್ಟನ್‌ನಂಥ ಮಹಾನ್ ಸಂಗೀತಗಾರನ ಮೇಳ ನುಡಿಸುತ್ತಿತ್ತು. ಕುಣಿಯುವವರು ಕಪ್ಪುಜನ, ಬಡಿಸುವವರು ಕಪ್ಪುಜನ, ಕೂತು ನೋಡುವವರು ಬಿಳಿಯರು. ಸ್ವಂತ ಕೇರಿಯಲ್ಲೇ ಬಾಗಿಲು ಮುಚ್ಚಿತ್ತು.

ಕುಣಿತದ ಗತಿ ಇನ್ನೂ ಕಷ್ಟ. ಹಾಡನ್ನಾದರೂ ಹಾಳೆಯಲ್ಲಿ ಬರೆದು ನೋಂದಾಯಿಸಬಹುದು, ಹೆಜ್ಜೆಯನ್ನು? ಅಮೆರಿಕದ ಕೃತಿಸ್ವಾಮ್ಯ ಕಾಯಿದೆ ನೃತ್ಯ ಸಂಯೋಜನೆಯನ್ನು ಸ್ಪಷ್ಟವಾಗಿ ಹೆಸರಿಸಿ ಸೇರಿಸಿಕೊಂಡದ್ದು 1976ರಲ್ಲಿ. ಅದಕ್ಕೆ ಮೊದಲು ಬಡ್ಡಿ ಬ್ರಾಡ್ಲಿಯಂಥ ಕಪ್ಪು ಗುರುಗಳು 1920ರ ದಶಕದಲ್ಲಿ ಬ್ರಾಡ್‌ವೇಯ ಬಿಳಿಯ ತಾರೆಯರಿಗೆ ಹೆಜ್ಜೆ ಕಟ್ಟಿಕೊಟ್ಟರು. ಕರಪತ್ರದಲ್ಲಿ ಅವರ ಹೆಸರಿರಲಿಲ್ಲ. ಆದರೆ ಕಾಯಿದೆ ಇಲ್ಲದ ಕಡೆ ಜನರೇ ಕಾಯಿದೆ ಮಾಡಿಕೊಂಡಿದ್ದರು. ಹಾರ್ಲೆಮ್‌ನ ಲಫಾಯೆಟ್ ನಾಟಕಶಾಲೆಯ ಬಳಿ ಹೂಫರ್ಸ್ ಕ್ಲಬ್ ಎಂಬ ಒಂದು ಸಣ್ಣ ಕೋಣೆ. ಟ್ಯಾಪ್ ಕುಣಿತಗಾರರು ಹಗಲಿರುಳೆನ್ನದೆ ಅಲ್ಲಿ ಸೇರಿ ಪಟ್ಟು ಕಲಿಯುತ್ತಿದ್ದರು, ಪೈಪೋಟಿಗೆ ಇಳಿಯುತ್ತಿದ್ದರು. ಇನ್ನೊಬ್ಬನ ಹೆಜ್ಜೆಯನ್ನು ಇದ್ದದ್ದು ಇದ್ದಂತೆಯೇ ನಕಲು ಮಾಡಬಾರದು ಎಂಬುದು ಅಲ್ಲಿನ ಅಲಿಖಿತ ನಿಯಮ. ಬೇಕಾದರೆ ತಗೋ, ಆದರೆ ಬದಲಿಸಿ ನಿನ್ನದು ಮಾಡಿಕೊಂಡು ತೋರಿಸು. ಯಾವ ವಿಶ್ವವಿದ್ಯಾಲಯದ ಕಾವ್ಯಮೀಮಾಂಸೆಗೂ ಕಡಿಮೆಯಿಲ್ಲದ ವಿಚಾರ ಇದು. ಪರಂಪರೆ ಎಂದರೇನು, ಸ್ವಂತಿಕೆ ಎಂದರೇನು ಎಂಬುದಕ್ಕೆ ಬೆವರಿನಲ್ಲಿ ಕೊಟ್ಟ ಉತ್ತರ.

7

‘ಸಹಜ’ ಎಂಬ ನಾಣ್ಯದ ಹಿಂಬದಿಯಲ್ಲಿ ‘ಅಸಹಜ’ ಎಂದು ಕೆತ್ತಿರುತ್ತದೆ. ಜಾಜ್‌ಗೆ ಹೇಳಿ ಮಾಡಿಸಿದ ಮೈ ಬ್ಯಾಲೆಗೆ ಆಗದು ಎಂದರು. ಪಾದ ಸರಿಯಿಲ್ಲ, ಸೊಂಟ ಸರಿಯಿಲ್ಲ, ಸಾಲಿನಲ್ಲಿ ಬಣ್ಣ ಹೊಂದುವುದಿಲ್ಲ. ಜಾನೆಟ್ ಕಾಲಿನ್ಸ್ ಎಂಬ ಹುಡುಗಿಗೆ 1930ರ ದಶಕದಲ್ಲಿ ಒಂದು ಹೆಸರಾಂತ ಬ್ಯಾಲೆ ತಂಡ, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಳ್ಳುವುದಾದರೆ ಸೇರಬಹುದು ಎಂದಿತು. ಕಪ್ಪು ನಟರು ಕಪ್ಪು ಬಳಿಯಬೇಕು, ಕಪ್ಪು ನರ್ತಕಿ ಬಿಳಿ ಬಳಿಯಬೇಕು! ಆಕೆ ಒಪ್ಪದೆ ಹೊರಬಂದರು. 1951ರಲ್ಲಿ ತಮ್ಮ ಬಣ್ಣದಲ್ಲೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ವೇದಿಕೆ ಏರಿದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ನರ್ತಕ ಆರ್ಥರ್ ಮಿಚೆಲ್ ಹಾರ್ಲೆಮ್‌ನ ಮಕ್ಕಳಿಗೆ ಬ್ಯಾಲೆ ಕಲಿಸಲು ನಿರ್ಧರಿಸಿದರು. 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಹುಟ್ಟಿತು. 1970ರ ದಶಕದಲ್ಲಿ ಆ ತಂಡದ ನರ್ತಕಿಯರು ಬ್ಯಾಲೆಯ ಗುಲಾಬಿ ಕಾಲುಚೀಲ, ಗುಲಾಬಿ ಬೂಟುಗಳನ್ನು ಬಿಟ್ಟು ಅವರವರ ಚರ್ಮದ ಬಣ್ಣದ್ದನ್ನೇ ತೊಡತೊಡಗಿದರು. ಗುಲಾಬಿ ಎಂದರೆ ‘ಮೈಬಣ್ಣ’ ಎಂದು ಶತಮಾನದಿಂದ ಅಂದುಕೊಂಡಿದ್ದವರಿಗೆ, ಯಾರ ಮೈ ಎಂದು ಕೇಳಿದಂತಾಯಿತು.

ಕುಣಿತವನ್ನು ವಿದ್ಯೆ ಎಂದು ಸಾಧಿಸಿ ತೋರಿಸಿದವರಲ್ಲಿ ದೊಡ್ಡ ಹೆಸರು ಕ್ಯಾಥರಿನ್ ಡನ್‌ಹ್ಯಾಮ್ ಅವರದು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, 1935-36ರಲ್ಲಿ ಹೈಟಿ, ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳಲ್ಲಿ ಕ್ಷೇತ್ರಕಾರ್ಯ ಮಾಡಿ, ಅಲ್ಲಿ ಕಲಿತದ್ದನ್ನು ಬ್ಯಾಲೆಯ ಶಿಸ್ತಿನೊಂದಿಗೆ ಬೆಸೆದು ಒಂದು ಹೊಸ ಕಲಿಕೆಯ ಕ್ರಮವನ್ನೇ ಕಟ್ಟಿದರು. 1944ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ರದರ್ಶನ ಮುಗಿದ ಮೇಲೆ ತೆರೆಯ ಮುಂದೆ ಬಂದು, ನಿಮ್ಮ ಪಕ್ಕದಲ್ಲಿ ನನ್ನ ಜನಕ್ಕೆ ಕೂರಲು ಬಿಡುವವರೆಗೆ ಇಲ್ಲಿಗೆ ಮತ್ತೆ ಬರುವುದಿಲ್ಲ ಎಂಬ ಅರ್ಥದ ಮಾತು ಹೇಳಿ ಒಳಗೆ ಹೋದರು. 1951ರಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಕಪ್ಪುಜನರನ್ನು ಗುಂಪುಗೂಡಿ ನೇಣಿಗೇರಿಸುವ ಕ್ರೌರ್ಯದ ಮೇಲೆ ‘ಸೌತ್‌ಲ್ಯಾಂಡ್’ ಎಂಬ ನೃತ್ಯನಾಟಕ ಆಡಿದಾಗ ಅವರದೇ ದೇಶದ ರಾಯಭಾರ ಕಚೇರಿ ಕೆಂಡವಾಯಿತು. ನೃತ್ಯ ಮುಂದೆ ಪ್ಯಾರಿಸ್‌ನಲ್ಲಿ ಒಮ್ಮೆ ಕಾಣಿಸಿಕೊಂಡು ಮರೆಯಾಯಿತು. ಹೊರದೇಶಗಳಿಗೆ ಕಲಾತಂಡಗಳನ್ನು ಕಳಿಸುವ ಸರಕಾರದ ನೆರವು ಡನ್‌ಹ್ಯಾಮ್ ತಂಡಕ್ಕೆ ದಕ್ಕಲಿಲ್ಲ. ಕುಣಿಯುವವರು ಯೋಚಿಸುತ್ತಾರೆ ಎಂದು ಗೊತ್ತಾದ ಕೂಡಲೇ ಚಪ್ಪಾಳೆ ನಿಲ್ಲುತ್ತದೆ.

8

ಹಾಗಾದರೆ ದಾರಿ ಏನು? 1926ರಲ್ಲಿ ಡುಬಾಯ್ಸ್ ಹಾರ್ಲೆಮ್‌ನ 135ನೇ ಬೀದಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕ್ರಿಗ್ವಾ ಎಂಬ ಪುಟ್ಟ ನಾಟಕತಂಡ ಕಟ್ಟಿದಾಗ ನಾಲ್ಕು ಸೂತ್ರ ಹಾಕಿಕೊಟ್ಟರು. ನಾಟಕ ನಮ್ಮ ಬಗ್ಗೆ ಇರಬೇಕು, ನಾವೇ ಬರೆದಿರಬೇಕು, ನಮ್ಮವರಿಗಾಗಿ ಆಡಬೇಕು, ನಮ್ಮ ವಾಸದ ಹತ್ತಿರವೇ ಇರಬೇಕು. ಮೊದಲ ಮೂರು ಈಗ ಎಲ್ಲರ ಬಾಯಲ್ಲೂ ಇವೆ. ನಾಲ್ಕನೆಯದು ಹೆಚ್ಚು ಕಷ್ಟದ್ದು, ಹೆಚ್ಚು ಮುಖ್ಯವಾದದ್ದು. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಫ್ರೀ ಸದರ್ನ್ ಥಿಯೇಟರ್ ಈ ಸೂತ್ರ ಹಿಡಿದು ಚರ್ಚು, ಹಟ್ಟಿಯಂಗಳಗಳಲ್ಲಿ ಕೂಲಿಗಳ ಎದುರು ನಾಟಕ ಆಡಿತು. ಬೆಕೆಟ್‌ನ ‘ಗೋಡೋಗಾಗಿ ಕಾಯುತ್ತಾ’ ನಾಟಕವನ್ನೂ ಆಡಿತು. ಇದು ಹಳ್ಳಿಗರಿಗೆ ಅರ್ಥವಾಗುತ್ತದೆಯೇ ಎಂದು ಪಂಡಿತರು ಕೇಳಿದರು. ಬಾರದ ಯಾರಿಗೋ ಕಾಯುತ್ತ ಕೂರುವುದು ಏನೆಂದು ಮತದಾನದ ಹಕ್ಕಿಗಾಗಿ ನೂರು ವರ್ಷ ಕಾದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1984ರಲ್ಲಿ ಬ್ರಾಡ್‌ವೇ ಕಂಡ ಆಗಸ್ಟ್ ವಿಲ್ಸನ್‌ನ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ ನಾಟಕ ನಡೆಯುವುದು 1927ರ ಒಂದು ಧ್ವನಿಮುದ್ರಣ ಕೋಣೆಯಲ್ಲಿ. ಗಾಯಕಿ ಕರಾರಿಗೆ ಸಹಿ ಹಾಕದೆ ಎಲ್ಲರನ್ನೂ ಸತಾಯಿಸುತ್ತಾಳೆ. ದನಿ ಯಂತ್ರದೊಳಗೆ ಹೋದ ಮೇಲೆ ತನ್ನ ಬೆಲೆ ಮುಗಿಯಿತೆಂದು ಅವಳಿಗೆ ಗೊತ್ತು. ಇದೇ ವಿಲ್ಸನ್ 1996ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ರಂಗಕರ್ಮಿಗಳ ಎದುರು ನಿಂತು, ದೇಶದ ದೊಡ್ಡ ಪ್ರಾದೇಶಿಕ ರಂಗಮಂದಿರಗಳ ಒಕ್ಕೂಟದಲ್ಲಿರುವ 66ರಲ್ಲಿ ಕಪ್ಪುಜನರದು ಎನ್ನಬಹುದಾದ್ದು ಒಂದೇ ಎಂದು ಲೆಕ್ಕ ಒಪ್ಪಿಸಿದರು. ಬಿಳಿಯರ ನಾಟಕದಲ್ಲಿ ಕಪ್ಪು ನಟರಿಗೆ ಪಾತ್ರ ಕೊಟ್ಟರೆ ಸಾಲದು, ರಂಗಮಂದಿರವೇ ಬೇಕು ಎಂದರು. ವಿಮರ್ಶಕ ರಾಬರ್ಟ್ ಬ್ರೂಸ್ಟೀನ್ ಇದನ್ನು ಪ್ರತ್ಯೇಕತಾವಾದ ಎಂದು ಟೀಕಿಸಿದರು. 1997ರಲ್ಲಿ ಇಬ್ಬರೂ ನ್ಯೂಯಾರ್ಕಿನಲ್ಲಿ ಬಹಿರಂಗ ಚರ್ಚೆಗೆ ಕೂತರು. ವಿಲ್ಸನ್‌ನ ನಾಟಕಗಳು ಬೆಳೆದದ್ದೇ ಬಿಳಿಯರ ರಂಗಮಂದಿರಗಳಲ್ಲಿ ಎಂಬ ಮಾತೂ ಬಂತು. ಅದು ನಿಜವೂ ಹೌದು. ಆದರೆ ಬಾಡಿಗೆ ಮನೆಯಲ್ಲಿ ಚೆನ್ನಾಗಿ ಬಾಳಿದವನು ಸ್ವಂತ ನೆಲ ಕೇಳಬಾರದು ಎಂದೇನಿಲ್ಲವಲ್ಲ.

9

ಈ ಚರಿತ್ರೆಯಿಂದ ದಲಿತ ವಿಮರ್ಶೆ ತೆಗೆದುಕೊಳ್ಳಬೇಕಾದದ್ದು ಸರಳವಾಗಿದೆ. ನಮ್ಮ ಕಲೆಯ ಮುಂದೆ ನಿಂತಾಗ ಇದು ಎಷ್ಟು ಹಸಿಯಾಗಿದೆ ಎನ್ನುವ ಬದಲು, ಇದನ್ನು ಯಾರಿಂದ ಕಲಿತರು, ಎಷ್ಟು ದಿನ ಕಲಿತರು, ಯಾವುದನ್ನು ಬಿಟ್ಟರು, ಯಾವುದನ್ನು ಬದಲಿಸಿದರು, ಕೂಲಿ ಯಾರಿಗೆ ಹೋಯಿತು ಎಂದು ಕೇಳಬೇಕು. ಹಲಗೆಯನ್ನೇ ತೆಗೆದುಕೊಳ್ಳಿ. ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ಬಡಿಯುವುದಿಲ್ಲ ಎಂದು ಅದನ್ನು ಕೆಳಗಿಟ್ಟವರಿದ್ದಾರೆ. ಅದಕ್ಕಾಗಿ ಬಹಿಷ್ಕಾರ ಉಂಡವರಿದ್ದಾರೆ. ಚಳವಳಿಯ ವೇದಿಕೆಗೆ ಅದನ್ನೇ ಹೆಮ್ಮೆಯಿಂದ ತಂದವರೂ ಇದ್ದಾರೆ. ಈ ಇಬ್ಬರಲ್ಲಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎಂದು ತೀರ್ಪು ಕೊಡುವ ಅವಸರ ಬೇಡ. ಎಲಾ ಶೆಪರ್ಡ್‌ರ ಗಂಟಲಲ್ಲಿ ಎರಡೂ ಇದ್ದವು. ಆದರೆ ಸರಕಾರಿ ಉತ್ಸವದ ಮೆರವಣಿಗೆಯಲ್ಲಿ ಹಲಗೆಯವರನ್ನು ಕಂಡು ‘ಲಯ ಇವರ ರಕ್ತದಲ್ಲೇ ಇದೆ’ ಎಂದು ಮೆಚ್ಚುವವರಿಗೆ ಮಾತ್ರ ನಾವು ಅಡ್ಡ ನಿಲ್ಲಬೇಕು. ಸಾವಿಗೊಂದು, ಮದುವೆಗೊಂದು, ದೇವರಿಗೊಂದು ಬಡಿತವನ್ನು ಬೇರೆಬೇರೆಯಾಗಿ ಕಲಿತು ನೆನಪಿಟ್ಟ ಕೈ ಅದು. ರಕ್ತಕ್ಕೆ ಅಷ್ಟೆಲ್ಲ ಬರುವುದಿಲ್ಲ.

ಹಾಗಾಗಿ ವಿದ್ಯಾರ್ಥಿ ಮಿತ್ರರಲ್ಲಿ, ಕಾರ್ಯಕರ್ತರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಹಲಗೆಯವರ, ಹಾಡುವವರ, ವೇಷದವರ ಬಳಿ ಹೋಗಿ. ಹಾಡನ್ನು ಬರೆದುಕೊಳ್ಳುವ ಮೊದಲು ಅವರ ಹೆಸರು ಬರೆದುಕೊಳ್ಳಿ. ಕಲಿಸಿದವರ ಹೆಸರು, ಒಂದೊಂದು ಬಡಿತದ ಹೆಸರು, ಯಾವಾಗ ಯಾಕೆ ಬಿಟ್ಟರು ಎಂಬುದು, ಕೊಟ್ಟ ಕೂಲಿ, ಕೊಡದೆ ಉಳಿಸಿಕೊಂಡ ಕೂಲಿ ಎಲ್ಲವನ್ನೂ ಬರೆದುಕೊಳ್ಳಿ. ‘ಅಜ್ಞಾತ ಜನಪದ ಕವಿ’ ಎಂದು ಅಚ್ಚು ಹಾಕಿಸಿ ಡಾಕ್ಟರೇಟ್ ಪಡೆದ ಕಾಲ ಸಾಕು. ದಲಿತ ವಿಮರ್ಶೆ ಶುರುವಾಗಬೇಕಾದದ್ದು ಆ ಹೆಸರಿನ ಪಟ್ಟಿಯಿಂದ.